ನಿಧಾನದ ಸರ್ವೋ

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ
ಮಿಕ್ಸಿ, ಟಾರ್ಚು, ಆನೆಬೇಲಿಯ ಕರೆಂಟು ಪೆಟ್ಟಿಗೆ
ಬಿಚ್ಚಿ ಹರಡಿದ ನನ್ನ ಮೇಜಿನ ಮೇಲೆ
ಜಾಗ ಮಾಡಿಕೊಂಡು ಪೆಮ್ಮಯ್ಯನವರು ಕಾರು ಇಟ್ಟರು,
ಮೊಣಕೈ ಉದ್ದದ ಕಾರು,
ನಾಲ್ಕೂ ಚಕ್ರಕ್ಕೆ ಅಮ್ಮತ್ತಿಯ ಕೆಂಪು ಮಣ್ಣು.
'ನೋಡು ಅದ್ರಾಮ, ಇಪ್ಪತ್ತು ಕೆಜಿ ಎಳೆಯುವ ಸರ್ವೋ,
ಹಲ್ಲೆಲ್ಲ ಟೈಟೇನಿಯಂ, ಕೊರಿಯರಿನಲ್ಲಿ ತರಿಸಿದ್ದು,
ಸುಮ್ಮನಿರು ಅಂದರೆ ಇರುವುದಿಲ್ಲ.'

ನಿಜ. ಸ್ವಿಚ್ ಹಾಕಿ ಅವರು ರಿಮೋಟ್ ಹಿಡಿದರೆ
ಮುಂದಿನ ಚಕ್ರಗಳು ಚಳಿಜ್ವರದವರ ಹಾಗೆ
ಅತ್ತ ಒಂದು ಕೂದಲು, ಇತ್ತ ಒಂದು ಕೂದಲು.
ಒಳಗೆ ಸೊಳ್ಳೆಯ ಗುಂಯ್.

ಇದಕ್ಕೊಂದು ಕ್ರಮ ಇದೆ.
ಮೊದಲು ಹಾರ್ನ್ ಬಿಚ್ಚಬೇಕು, ಟ್ರಿಮ್ಮು ಸೊನ್ನೆಗೆ ತರಬೇಕು,
ಸರ್ವೋ ತನ್ನ ನಡುವನ್ನು ತಾನೇ ಹುಡುಕಿಕೊಳ್ಳಲಿ ಅಂತ
ಒಂದು ಬೀಡಿಯಷ್ಟು ಹೊತ್ತು ಬಿಡಬೇಕು.
ಆಮೇಲೆ ಹಾರ್ನ್ ಕೂರಿಸುವುದು, ರಾಡಿಗೆ ಸರಿಯಾಗಿ ಮೂಲೆಮಟ್ಟ.
ಇಪ್ಪತ್ತೈದು ಹಲ್ಲಿನಲ್ಲಿ ಒಂದು ತಪ್ಪಿತೋ,
ಕಾರು ಎಡಕ್ಕೆ ಧಾರಾಳಿ, ಬಲಕ್ಕೆ ಜಿಪುಣ.
ಕೊನೆಗೆ, ಚಕ್ರ ತಡೆಗೆ ತಾಗುವ ಮುಂಚೆಯೇ
ಇಷ್ಟು ಸಾಕು ಅಂತ ರಿಮೋಟಿಗೆ ಹೇಳಿಕೊಡುವುದು.
ಹೇಳದಿದ್ದರೆ ಅದು ಗೋಡೆ ತಳ್ಳುವವನ ಹಾಗೆ ತಳ್ಳುತ್ತದೆ,
ನರಳುತ್ತದೆ, ಸುಟ್ಟ ವಾಸನೆ ಬರುತ್ತದೆ,
ಆಗ ನನ್ನ ಹತ್ತಿರ ಬಂದು ಏನೂ ಪ್ರಯೋಜನವಿಲ್ಲ.

ಎಲ್ಲ ಮಾಡಿದೆ. ಅವರು ಹಿಡಿದರೆ ಮತ್ತೆ ಗುಂಯ್.
ಬ್ಯಾಟರಿ ಬದಲಿಸಿದೆ.
ರಿಸೀವರಿನ ತಂತಿಯನ್ನು ಮೋಟಾರಿನ ತಂತಿಯಿಂದ ದೂರ ಕಟ್ಟಿದೆ.
ಮಗ್ರಿಬ್ ಬಾಂಗ್ ಆಯಿತು, ಕುಟ್ಟದ ಕೊನೆಯ ಬಸ್ ಹೊರಟಿತು.
'ಒಂದು ಚಾ ಕುಡಿದು ಬರ್ತೇನೆ' ಅಂತ
ರಿಮೋಟ್ ಮೇಜಿನ ಮೇಲಿಟ್ಟು ಅವರು ಇಳಿದು ಹೋದರು.

ಸದ್ದು ನಿಂತಿತು.

ನಾನು ಹಿಡಿದೆ. ತಿರುಗಿಸಿದೆ, ಬಿಟ್ಟೆ.
ಚಕ್ರ ನಡುವಿಗೆ ಬಂದು
ಮೊಳೆ ಹೊಡೆದ ಹಾಗೆ ನಿಂತಿತು.
ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಚಾ ಅಂಗಡಿಯಲ್ಲಿ
'ಗ್ಲಾಸು ಅರ್ಧವೇ ತುಂಬಿಸು ಮಾರಾಯ' ಅನ್ನುತ್ತಿದ್ದರು.

ಅದೇ ಕೈ. ಪವರ್ ಸ್ಟೀರಿಂಗ್ ಇಲ್ಲದ ಜೀಪು,
ಗದ್ದೆಯ ಕೆಸರು, ಏರಿಯ ಮೇಲೆ ನಿಂತ ನಾವು ಹುಡುಗರು,
ಜೀಪು ಅಡ್ಡಡ್ಡ ಜಾರುವಾಗ
ಒಂದೇ ಅಂಗೈಯಲ್ಲಿ ಅದನ್ನು ತಿರುವಿ ತಂದದ್ದು,
ನಮ್ಮ ಬಿಳಿ ಅಂಗಿಗೆಲ್ಲ ಕೆಸರು ಹಾರಿದ್ದು,
ಮನೆಯಲ್ಲಿ ಉಮ್ಮ ಹೊಡೆದದ್ದು.

ಪ್ರತಿ ಸರ್ವೋದಲ್ಲೂ ನಡುವಿನ ಅಕ್ಕಪಕ್ಕ
ಒಂದಿಷ್ಟು ಕಿವುಡು ಜಾಗ ಇರುತ್ತದೆ.
ಅಷ್ಟರೊಳಗೆ ಬಂದ ಮಾತನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.
ದುಬಾರಿಯದ್ದಕ್ಕೆ ಕಿವಿ ಚುರುಕು,
ಬೆರಳಿನ ಗುಟ್ಟನ್ನೂ ಕೇಳಿಸಿಕೊಂಡು
ಚಕ್ರದ ಮೂಲಕ ಊರಿಗೆಲ್ಲ ಸಾರುತ್ತದೆ.

ಡ್ರಾಯರಿನ ತಳದಿಂದ ಹಳೆಯ ಅನಲಾಗ್ ಒಂದು ತೆಗೆದೆ,
ಸಿದ್ದಾಪುರದ ಹುಡುಗ ಬಿಟ್ಟುಹೋದ ಮುರುಕು ಕಾರಿನದು.
ಒಂಬತ್ತು ಕೆಜಿ. ನಿಧಾನ. ಒಳ್ಳೆ ಕಿವುಡು.
ಪೆಮ್ಮಯ್ಯ ಬರುವಷ್ಟರಲ್ಲಿ ಸ್ಕ್ರೂ ಬಿಗಿದಾಗಿತ್ತು.
'ಇಪ್ಪತ್ತು ಕೆಜಿ ನಿಮ್ಮ ಕಾರಿಗೆ ಜಾಸ್ತಿ ಸರ್, ಬ್ಯಾಟರಿ ತಿನ್ನುತ್ತೆ,
ಅದರಲ್ಲೇ ಏನೋ ಫಾಲ್ಟು.'
ಅವರು ರಿಮೋಟ್ ಹಿಡಿದರು. ಚಕ್ರ ಅಲುಗಲಿಲ್ಲ.
ತುಂಬ ಹೊತ್ತು ನೋಡಿದರು, ಚಕ್ರವನ್ನಲ್ಲ, ನನ್ನನ್ನು.
'ಎಷ್ಟಾಯ್ತು?'
'ಇನ್ನೂರು ಕೊಡಿ.'

ಭಾನುವಾರ, ಕಾಫಿ ಹರಡುವ ಮುಂಚಿನ ಖಾಲಿ ಕಣ.
ಹಳೆ ಟೈರು, ಗೋಣಿಚೀಲ ಇಟ್ಟು ಮಾಡಿದ ತಿರುವು.
ಐದು ಕಾರು, ನಾಲ್ಕರ ರಿಮೋಟು ಹುಡುಗರ ಕೈಯಲ್ಲಿ.
ನೇರ ದಾರಿಯಲ್ಲಿ ಪೆಮ್ಮಯ್ಯನವರದ್ದು ಗೆರೆ ಎಳೆದ ಹಾಗೆ ಹೋಯಿತು.
ತಿರುವಿನಲ್ಲಿ ಮಾತ್ರ ಒಂದು ಉಸಿರು ತಡ.
ದಿಲನ್ ಒಳಗಿಂದ ನುಗ್ಗಿದ, ಇನ್ನೊಬ್ಬನೂ.
ಮೂರನೆಯವರಾದರು.

'ಈ ಅದ್ರಾಮ ಕೊಟ್ಟ ಸರ್ವೋ ಇದೆಯಲ್ಲ,
ಕತ್ತೆ! ಶುದ್ಧ ಕತ್ತೆ!'
ಇಡೀ ಕಣಕ್ಕೆ ಕೇಳುವ ಹಾಗೆ ಕೂಗಿದರು.
ಎಲ್ಲರೂ ನಕ್ಕರು.
'ಹೌದು ಸರ್, ಹಳೇ ಮಾಲು' ಅಂದೆ.
ಕಾರು ಹೊರಲು ನನಗೆ ಕೊಟ್ಟು
ಅವರು ಎರಡೂ ಕೈ ಸ್ವೆಟರಿನ ಜೇಬಿಗೆ ಇಳಿಸಿ
ಮುಂದೆ ನಡೆದರು.