ಗಂಡಸಿ ಓ ಅನ್ನಲಿಲ್ಲ

ನಾಲ್ಕೂ ನಲವತ್ತಕ್ಕೆ ತಾನೇ ಏಳುತ್ತದೆ
ನಾನು ಬರೆದ ಹದಿನೇಳು ಸಾಲಿನ ಸ್ಕ್ರಿಪ್ಟು.
ಹಾಸನದ ಡೇರಿ ಕಚೇರಿಯ ಹಿಂಗೋಣೆ,
ಗೂರಲು ಹತ್ತಿದವರ ಹಾಗೆ ಉಸಿರಾಡುವ ಸರ್ವರು,
ಸ್ವೆಟರಿನ ಮೇಲೊಂದು ಸ್ವೆಟರು ಹಾಕಿದ ನಾನು.
ಕ್ಯಾನು ಹೊತ್ತವರು ಬರುವ ಮೊದಲೇ
ಒಂದೊಂದು ಊರಿನ ಕಂಪ್ಯೂಟರನ್ನೂ
ಹೆಸರು ಹಿಡಿದು ಕೂಗಬೇಕು ಅದು.
ಹೆಸರೆಂದರೆ ಹೆಸರಲ್ಲ,
ನಡುವೆ ಚುಕ್ಕಿ ಇಟ್ಟ ನಾಲ್ಕು ಅಂಕಿ.

ದುದ್ದ? ಓ.
ಶಾಂತಿಗ್ರಾಮ? ಓ.
ಜಾವಗಲ್ಲು ತುಸು ತಡೆದು, ಎಂದಿನ ಹಾಗೆ
ಗಂಟಲು ಸರಿಮಾಡಿಕೊಂಡು, ಓ.
ಕೊಣನೂರು, ಬಾಗೂರು, ನುಗ್ಗೇಹಳ್ಳಿ
ಹಸಿರು, ಹಸಿರು, ಹಸಿರು.
ಗಂಡಸಿ?

ಒಂದು ಸೆಕೆಂಡು ಕಾದು
ಕೆಂಪಕ್ಷರದಲ್ಲಿ ಬರೆಯಿತು: ಸತ್ತಿದೆ.
ಆ ಪದ ನಾನೇ ಕೊಟ್ಟದ್ದು.
ಎರಡೇ ಕಲಿಸಿದ್ದೆ, ಇದೆ, ಸತ್ತಿದೆ,
ಕೆಲಸ ಬೇಗ ಮುಗಿಯಲಿ ಅಂತ.

ಫೋನು ಎತ್ತಿದವರು ತೊಳಸಮ್ಮ.
"ಸತ್ತೋಗೈತಾ? ಯಾವನವ್ವ ಹೇಳಿದ್ದು?
ಕಣ್ಮುಂದೇ ಉರೀತಾ ಐತೆ,
ಈಗಿನ್ನೂ ಬಟ್ಟೇಲಿ ಒರೆಸಿವ್ನಿ."
ನಿನ್ನೆ ಸಂಜೆ ಯಾರೋ ಹುಡುಗ ಬಂದು
ಹೊಸ ಕಾವಲು ಹಾಕಿ ಹೋದನಂತೆ,
ಗುರುತಿಲ್ಲದವರು ಕರೆದರೆ
ಮಾತಾಡಬಾರದು ಅಂತ.

ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು,
ಮೊಸಳೆಹೊಸಹಳ್ಳಿಯಲ್ಲಿ, ದೀಪ ಆರಿಸುವಾಗ:
ರಾತ್ರಿ ಹೊರಗಿಂದ ಯಾರಾದರೂ
ಒಂದೇ ಸಲ ಹೆಸರು ಕೂಗಿದರೆ
ಓ ಅನ್ನಬೇಡ ಮಗಾ.
ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ,
ಆಮೇಲೆ ಬಾಗಿಲು ತಟ್ಟುತ್ತಾರೆ.
ಒಂದು ಕೂಗಿಗೆ ಹೊರಟುಹೋಗುವುದು ಬೇರೆ.

ಅಂದರೆ ಗಂಡಸಿಯ ಪಾಲಿಗೆ
ದೆವ್ವ ನಾನೇ.
ಒಂದು ಸಲ ಕೂಗಿ
ಸತ್ತಿದೆ ಅಂತ ಬರೆದುಕೊಂಡು
ಮುಂದಿನೂರಿಗೆ ಹೋದದ್ದು.

ಕಟ್ಟಾಯದ್ದು ಇನ್ನೊಂದು ಕತೆ.
ನಾಲ್ಕೇ ಮಿಲಿಸೆಕೆಂಡಿಗೆ ಓ ಅನ್ನುತ್ತಿತ್ತು,
ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚುರುಕು.
ಹೋಗಿ ನೋಡಿದರೆ ಪರದೆ ಹೆಪ್ಪುಗಟ್ಟಿದೆ,
ಮೌಸು ಅಲುಗುತ್ತಿಲ್ಲ, ರುದ್ರಾಚಾರಿ
ಮೂರು ಹೊತ್ತಿನ ಹಾಲಿನ ಲೆಕ್ಕವನ್ನು
ರಟ್ಟಿನ ಪುಸ್ತಕದಲ್ಲಿ ಬರೆಯುತ್ತ ಕೂತಿದ್ದಾರೆ.
ಕತೆ ಕೇಳುತ್ತ ಕೇಳುತ್ತ ಮಲಗಿಬಿಟ್ಟು
ನಿದ್ದೆಯಲ್ಲೂ ಹೂಂಗುಟ್ಟುವ ಮಕ್ಕಳಿರುತ್ತಾರಲ್ಲ,
ಹಾಗೆ.
ನನ್ನ ಸ್ಕ್ರಿಪ್ಟು ಅದರ ಮುಂದೆ
ಇದೆ ಇದೆ ಇದೆ ಎಂದು ಹಸಿರು ಬಳಿದಿತ್ತು.

ಚಹಾ ಆರುವಷ್ಟರಲ್ಲಿ ತಿದ್ದಿದೆ.
ಮೂರು ಸಲ ಕೂಗು. ನಡುವೆ ಉಸಿರು ಬಿಡು.
ಓ ಅನ್ನದಿದ್ದರೆ, ಲೆಕ್ಕ ಹೊರಡುವ
ಆ ಒಂದು ಬಾಗಿಲನ್ನು ಮೆಲ್ಲಗೆ ತಟ್ಟು.
ಅಲ್ಲೂ ಸದ್ದಿಲ್ಲದಿದ್ದರೆ
ಸತ್ತಿದೆ, ಅಳಿಸಿದೆ.
ಇಲ್ಲ ಎಂದು ಬರೆದು ಅದನ್ನೂ ಅಳಿಸಿದೆ.
ಕರ್ಸರು ಮಿಟುಕಿಸುತ್ತ ಕಾಯಿತು.
ಗೊತ್ತಿಲ್ಲ ಎಂದು ಬರೆದೆ.
ಸಾಹೇಬರು ಒಪ್ಪುವುದಿಲ್ಲ ಇದನ್ನು,
ಅವರ ವರದಿಯಲ್ಲಿ ಆ ಕಲಂ ಇಲ್ಲ.
ಇರಲಿ.

ಐದೂ ಇಪ್ಪತ್ತೆರಡು.
ಹೊಸದನ್ನು ಇನ್ನೂ ಓಡಿಸಿರಲಿಲ್ಲ.
ಪಟ್ಟಿಯ ತುದಿಗೆ, ಯಾರೂ ಕರೆಯದೆ,
ಬಂದು ನಿಂತಿತು ಒಂದು ಸಾಲು:
ಗಂಡಸಿ. ಚೀಟಿ ಒಂದು. ಪುಟ್ಟಸಿದ್ದಮ್ಮ.
ಎರಡೂಕಾಲು ಲೀಟರು.
ಫ್ಯಾಟು ನಾಲ್ಕು ಪಾಯಿಂಟು ಒಂದು.