ಒಂಬತ್ತನೇ ಪುಟ

ಜೂನ್ ಒಂದಕ್ಕೆ ಬೈತಖೋಲದಲ್ಲಿ ದೋಣಿಗಳನ್ನು ಕಟ್ಟಿದರು.
ಮೀನಿಲ್ಲದ ಮೇಲೆ ಮಂಜುಗಡ್ಡೆ ಯಾರಿಗೆ?
ಐಸ್ ಪ್ಲಾಂಟಿನ ಸ್ವಿಚ್ಚನ್ನು ನಾನೇ ಕೆಳಗೆಳೆದೆ.
ಹತ್ತೊಂಬತ್ತು ವರ್ಷ ರಾತ್ರಿಪಾಳಿಯಲ್ಲಿ
ನನ್ನ ಗುನುಗಿಗೆ ಶ್ರುತಿ ಹಿಡಿದ ಕಂಪ್ರೆಸರ್
ಗೊರಗೊರ ಅಂದು, ಒಮ್ಮೆ ಕೆಮ್ಮಿ, ನಿಂತಿತು.

ಅರವತ್ತೊಂದು ದಿನ ಬಂದು.
ಅರವತ್ತೊಂದು ಮನೆಯ ಕೀಬೋರ್ಡು ಸಾಕು ಅಂದುಕೊಂಡು ಅಂಗಡಿಗೆ ಹೋದೆ.
"ಎಪ್ಪತ್ತಾರರದು ತಗೊಳ್ಳಿ" ಅಂದ ಮಿಂಗೆಲ್,
"ಎಡಗೈಗೂ ಒಂದು ಅಂಗಳ ಬೇಡವೇ?"
ಒಂದು ಬೆರಳಿಟ್ಟ. ಒಳಗಿಂದ ದಂಡೇ ಎದ್ದಿತು:
ಡ್ರಮ್ಮು, ಬಾಸು, ಎರಡು ಗಿಟಾರು, ಪಿಟೀಲಿನ ಪಡೆ.
ಬೆರಳು ಸರಿಸಿದ. ಅಷ್ಟೂ ಮಂದಿ ಒಟ್ಟಿಗೇ ಹೊರಳಿದರು,
ಬಲೆ ಕಂಡ ಬಂಗಡೆ ಹಿಂಡಿನ ಹಾಗೆ.
ಮುಗಿಸುವುದಕ್ಕೂ ಗುಂಡಿಗಳಿದ್ದವು. ಮೂರನೆಯದು ಬಲು ಉದ್ದ,
ಮದುವೆಮನೆಯಿಂದ ನೆಂಟರು ಹೊರಟಂತೆ.
"ಇಷ್ಟು ಜನಕ್ಕೆ ಮನೆಯಲ್ಲಿ ಚಹ ಮಾಡುವವರು ಯಾರು?" ಅಂದೆ.
ಮಿಂಗೆಲ್ ನಗಲಿಲ್ಲ. ದರ ಹೇಳಿದ.

"ಶ್ರುತಿ ಒಂದು ಕೂದಲೆಳೆ ಇಳಿಯುತ್ತದೆಯೇ?"
"ಟ್ರಾನ್ಸ್‌ಪೋಸ್ ಇದೆಯಲ್ಲ!" ಒತ್ತಿದ.
ಅರ್ಧ ಸ್ವರ ಧೊಪ್ಪನೆ ಬಿತ್ತು.
ಅದು ಮೆಟ್ಟಿಲು, ಮಾರಾಯ. ನಾನು ಕೇಳಿದ್ದು ಇಳಿಜಾರು,
ಧಕ್ಕೆಯಿಂದ ನೀರಿಗಿಳಿಯುವ ಪಾಚಿಗಟ್ಟಿದ ಇಳಿಜಾರು;
ಕಪ್ಪು ಒಂದಕ್ಕೂ ಬಿಳಿ ಒಂದಕ್ಕೂ ನಡುವೆ
ಎಲ್ಲೋ ಕಾಲೂರಿ ನಿಂತ ಆ ಗುಂಯ್.

ಕಡೆಗೆ, ಸದಾಶಿವಗಡದ ಯಾರೋ ಮಾರಿಹೋದ ಹಳೆಯದರಲ್ಲಿ
(ಅದರ ಮೇಲಿನ ಷಡ್ಜ ತುಸು ಅಂಟಿಕೊಳ್ಳುತ್ತಿತ್ತು)
ಒಂಬತ್ತನೇ ಪುಟದ ತಳದಲ್ಲಿ ಸಿಕ್ಕಿತು: ನಾನೂರ ನಲವತ್ತು.
ಹತ್ತರಲ್ಲೊಂದು ಪಾಲಿನಷ್ಟೇ ಇಳಿಸುತ್ತ ಹೋದೆ.
ನಾನೂರ ಮೂವತ್ತಮೂರೂವರೆಗೆ ಬಂದಾಗ
ಅಂಗಡಿಯೊಳಗೆ, ಆಣೆಯಾಗಿ, ಅಮೋನಿಯಾ ವಾಸನೆ ಬಡಿಯಿತು.
"ಇದೇ" ಅಂದೆ.

ತಂಗಿಯ ಮಗಳು ಪ್ರಣಿತಾ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ
ಬೀಟು ಕಟ್ಟುವ ಸಾಫ್ಟ್‌ವೇರ್ ಹಾಕಿಕೊಟ್ಟಳು, ಪುಕ್ಕಟೆಯದು.
ಬೆರಳು ಈಗ ಒತ್ತಿದರೆ ದನಿ ಆಮೇಲೆ.
ದೂರದ ದೋಣಿಯಲ್ಲಿ ಸುತ್ತಿಗೆ ಬಿದ್ದದ್ದು ಕಂಡು
ಸದ್ದು ತಡೆದು ಬಂದ ಹಾಗೆ.
ಯಾವುದೋ ಒಂದು ಸಂಖ್ಯೆ ಕಿರಿದು ಮಾಡಿದಳು.
ದೋಣಿ ದಡಕ್ಕೆ ಬಂತು.

ಎಡಗೈಗೆ ಮೂರೇ ಕಾರ್ಡು, ದಿನಾ ನುಡಿಸಿದೆ.
"ನೀವಿನ್ನೂ ಪ್ಲಾಂಟಿನಿಂದ ಬಂದಿಲ್ಲ ಅನಿಸುತ್ತದೆ"
ಅಂದಳು ಹೆಂಡತಿ, ಒಳಗಿನಿಂದ.

ದೋಣಿಗಿಂತ ಮೂರು ದಿನ ಮೊದಲೇ ಮಂಜು ಹುಟ್ಟಬೇಕು.
ಸ್ವಿಚ್ಚು ಮೇಲೆತ್ತಿದೆ.
ದುಲ್ಬಾ ಹರಿಕಂತ್ರ ಬೇರಿಂಗು ಬದಲಿಸಿ, ಹೊಸ ಬೆಲ್ಟು ಏರಿಸಿ,
ಮೊಣಕೈವರೆಗೆ ಗ್ರೀಸು ಬಳಿದುಕೊಂಡು ನಿಂತಿದ್ದ:
"ಹೇಗೆ? ಕೆಮ್ಮೇ ಇಲ್ಲ, ನೋಡು."

ಇರಲಿಲ್ಲ. ನುಣ್ಣಗೆ, ನೆಟ್ಟಗೆ,
ಮಿಂಗೆಲನ ಅಂಗಡಿಯ ಉಳಿದೆಲ್ಲ ಯಂತ್ರಗಳ ಶ್ರುತಿಯಲ್ಲಿ.
"ಚೆನ್ನಾಗಿದೆ" ಅಂದೆ.
ಮರುದಿನ ಮೊದಲ ಗಡ್ಡೆ ಜಾರಿ ಬಂತು, ಕ್ರಷರಿನ ಬಾಯಿಗೆ.

ಮನೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ
ಹಳೆಯ ಯಂತ್ರ ಮರೆತು ನಲವತ್ತಕ್ಕೇ ಹಾರುತ್ತದೆ.
ಮತ್ತೆ ಒಂಬತ್ತನೇ ಪುಟ, ಮತ್ತೆ ಕೆಳಮುಖದ ಬಾಣ,
ಅರವತ್ತೈದು ಸಲ.
ಎಣಿಸಿದ್ದೇನೆ.