ಮೂರನೇ ಪ್ರತಿ

ಕೋಲಾರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಬೀಡಿ ಗೋಡೌನಿನ ಮಹಡಿ ಮೇಲೆ
ವಾಜಿದ್ ಮೇಷ್ಟ್ರ ಟೈಪಿಂಗ್ ಶಾಲೆ.
ಹನ್ನೆರಡು ಮಿಷನ್ನು, ಹನ್ನೊಂದು ಸ್ಟೂಲು.
ಮೇಷ್ಟ್ರು ಹಾಳೆ ನೋಡುತ್ತಿರಲಿಲ್ಲ.
ಕಿಟಕಿಯಾಚೆ ಅಂತರಗಂಗೆಯ ಬಂಡೆ ನೋಡುತ್ತಲೇ
"ಆಂಜಿನಮ್ಮ, ತಪ್ಪಾಯಿತು" ಎನ್ನುವರು.

ಹೇಗೆ ಗೊತ್ತಾಯಿತು ಸಾರ್?
"ಸದ್ದು. ತಪ್ಪಿದ ಬೆರಳು ಮೆತ್ತಗೆ ಬೀಳುತ್ತದಮ್ಮ,
ಕತ್ತಲಲ್ಲಿ ಪಕ್ಕದ ಮನೆಗೆ ಹೊಕ್ಕವನ ಹೆಜ್ಜೆ ಹಾಗೆ.
ಅದರ ಮುಂದಿನ ಅಕ್ಷರ
ಒಂದು ಗುಟುಕು ತಡ."

ಎಂಬತ್ತಮೂರರಲ್ಲಿ ನಾನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ.
ಕಟಕಟೆಯಲ್ಲಿ ಪಿಳ್ಳಪ್ಪ, ನೀರುಗಂಟಿ.
ಕೆರೆಯ ತೂಬು ಹೋಗಿ
ಕೆಳಗಿನ ಗದ್ದೆ ಕೊಚ್ಚಿ, ಕೇಸು ಅವನ ಮೇಲೆ.
"ನಾನು ತಡದೆ ಸ್ವಾಮಿ, ಮಣ್ಣು ಹಾಕಿ, ಮೈಯಡ್ಡ ಇಟ್ಟು"
ಸಾಹೇಬರು ಬರೆಸಿದರು: ತೂಬನ್ನು ತಡೆದೆ.
ನಾನು ಬಡಿದೆ: ತೂಬನ್ನು ಒಡೆದೆ.

ಒಂದಕ್ಷರ.
ಕೀಲಿ ಇಳಿಯುವಾಗಲೇ
ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು.
ತಿರುಗಿ ನೋಡಲು ಹೊತ್ತಿರಲಿಲ್ಲ,
ಸಾಹೇಬರ ಮಾತು ಓಡುತ್ತಿತ್ತು, ನಾನು ಅದರ ಹಿಂದೆ.
ಪಿಳ್ಳಪ್ಪ ಹೆಬ್ಬೆಟ್ಟು ಒತ್ತಿ
ಶಾಯಿ ತಲೆಗೂದಲಿಗೆ ಒರೆಸಿಕೊಂಡು ಇಳಿದುಹೋದ.

ರಾತ್ರಿ ಮುದ್ದೆ ತಿರುವುತ್ತಾ ಇದ್ದವಳ ಕೈಯಲ್ಲಿ
ಕೋಲು ನಿಂತಿತು.
ಏನೋ ತಪ್ಪಿದೆ.
ಏನು ಅಂತ ಗೊತ್ತಿಲ್ಲ, ತಪ್ಪಿರುವುದು ಮಾತ್ರ ಗೊತ್ತು.
ಮುದ್ದೆ ಗಂಟಾಯಿತು, ಯಾರೂ ಏನೂ ಅನ್ನಲಿಲ್ಲ.

ಬೆಳಿಗ್ಗೆ ಜವಾನ ಬರುವ ಮೊದಲೇ ಫೈಲು ಬಿಚ್ಚಿದೆ.
ಮೇಲಿನ ಹಾಳೆಯಲ್ಲಿ ಆ ಒ ತುಸು ಮಸುಕು.
ಕಾರ್ಬನ್ನಿನ ಕೆಳಗೆ, ನೊಣ ಕೂತು ಎದ್ದಷ್ಟು ಗುರುತು.
ಮೂರನೇ ಪ್ರತಿಯಲ್ಲಿ ಜಾಗವೇ ಖಾಲಿ:
ತೂಬನ್ನು   ಡೆದೆ.

ಸಾಹೇಬರ ಮುಂದೆ ಹಾಳೆ ಹಿಡಿದು ನಿಂತೆ.
"ಇದಕ್ಕೆ ಸಾಕ್ಷಿ ಯಾರಮ್ಮ?"
ನನ್ನ ಬೆರಳೇ ಸ್ವಾಮಿ. ಬಡಿಯಲು ಒಪ್ಪಲಿಲ್ಲ ಅದು.
ಅವರು ನಗಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದರು.
ಪಿಳ್ಳಪ್ಪನನ್ನು ಮತ್ತೆ ಕರೆಸಿ, ಓದಿ ಹೇಳಿಸಿ,
ತಿದ್ದಿದ ಕಡೆ ಸಹಿ ಮಾಡಿದರು.
ಅವನು ಗೆದ್ದನೋ ಸೋತನೋ ತಿಳಿಯದು,
ಆ ತಿಂಗಳೇ ನನಗೆ ಮಾಲೂರಿಗೆ ವರ್ಗ.

ಮೊನ್ನೆ ಟಮಕದ ಆಸ್ಪತ್ರೆಯಲ್ಲಿ
ಡಾಕ್ಟರಿಕೆ ಓದುವ ಹುಡುಗಿಯೊಬ್ಬಳು
ನನ್ನ ತಲೆಗೆ ತಂತಿಯ ಟೋಪಿ ತೊಡಿಸಿದಳು.
ಬಾಣ ಎಡಕ್ಕಿದ್ದರೆ ಎಡದ ಗುಂಡಿ, ಬಲಕ್ಕಿದ್ದರೆ ಬಲದ್ದು.
"ನೋಡಿ ಅಜ್ಜಿ, ಇಲ್ಲಿ ತಪ್ಪು ಒತ್ತಿದ್ದೀರಿ,
ಅಯ್ಯೋ ಅನ್ನುವ ಮುಂಚೆಯೇ ಗೆರೆ ಕುಸಿದಿದೆ.
ಸೆಕೆಂಡಿನ ಹತ್ತರಲ್ಲೊಂದು ಪಾಲೂ ಆಗಿಲ್ಲ."
ಹಾಗಾದರೆ ಮೇಷ್ಟ್ರು ಇನ್ನೂ ಅಲ್ಲೇ ಕೂತಿದ್ದಾರೆ, ಅಂದೆ.
ಯಾವ ಮೇಷ್ಟ್ರು? ಅಂದಳು. ಟೋಪಿ ಬಿಚ್ಚಿದಳು.
ಕೂದಲಿಗೆ ಹತ್ತಿದ ಅಂಟು ಮೂರು ಸಲ ತೊಳೆದರೂ ಹೋಗಲಿಲ್ಲ.

ಕೇಳಬೇಕೆಂದಿದ್ದು ಬೇರೆ. ಕೇಳಲಿಲ್ಲ.
ಅಮ್ಮನ ಓಲೆ ಕಾಣೆಯಾದ ವರ್ಷ
ಬೇತಮಂಗಲದ ಬಸ್ಸಿನ ಬಾಗಿಲಲ್ಲಿ
ತಂಗಿ ಸಂಪಂಗಿಗೆ ಒಂದು ಮಾತು ಅಂದಿದ್ದೆ.
ಒಂದಕ್ಷರವೂ ಮೆತ್ತಗೆ ಬೀಳಲಿಲ್ಲ.
ಮುಂದಿನದು ತಡವಾಗಲಿಲ್ಲ.
ಹಿಂದೆ ಯಾರೂ ಉಸಿರೆಳೆದುಕೊಳ್ಳಲಿಲ್ಲ.
ಆ ರಾತ್ರಿ ಮುದ್ದೆ, ದೇವರಾಣೆ,
ಒಂದು ಗಂಟೂ ಇಲ್ಲದೆ ಬಂತು.

ಓಲೆ ಸಿಕ್ಕಿದ್ದು ಏಳು ವರ್ಷದ ಮೇಲೆ,
ನನ್ನದೇ ರಾಗಿ ಡಬ್ಬದ ತಳದಲ್ಲಿ.
ಸಂಪಂಗಿಯ ಹತ್ತಿರ ಇರುವುದು
ಮೂರನೇ ಪ್ರತಿ.
ಅಷ್ಟೂ ಅಕ್ಷರ ಕಪ್ಪಗೆ,
ಸೊನ್ನೆ ಬಿದ್ದ ಕಡೆ ಹಾಳೆಯೇ ತೂತು.